ಒನಕೆ ಹಿಡಿದು ಕೋವಿ ಕಲಿತದ್ದು

ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನಂತೆ. ನಾನು ಕೆಟ್ಟಿದ್ದೇ ಬಾಯಿಯಿಂದ ಕಣ್ರೀ. ಅಜ್ಜೀಪುರಕ್ಕೆ ಹೆಣ್ಣು ನೋಡಲು ಹೋದ ದಿನ ಗೋಡೆಯ ಮೇಲೆ ಕೋವಿ ಕಂಡಿತು. ಸುಮ್ಮನಿರಲಾರದೆ, "ಗುರಿ ಹೊಡೆಯೋದು ನನಗೆ ನೀರು ಕುಡಿದಂಗೆ" ಎಂದುಬಿಟ್ಟೆ. ಕೊಳ್ಳೇಗಾಲದಲ್ಲಿ ಮಗ್ಗದ ಗುಂಡಿಗೆ ಕಾಲಿಳಿಬಿಟ್ಟು ಸೀರೆ ನೇಯುವ ನಾನು ಅಲ್ಲಿಯವರೆಗೆ ಗುರಿಯಿಟ್ಟು ಹೊಡೆದಿದ್ದು ಸೊಳ್ಳೆಯನ್ನು (ಅದೂ ಕೂತಿದ್ದ ಸೊಳ್ಳೆ).

ಮದುವೆಯಾದ ಮೇಲೆ ಹೇಗೋ ಬಚಾವಾಗಿದ್ದೆ. ಈ ಸಲ ಮಾವ ಪುಟ್ಟಸಿದ್ದಯ್ಯನವರು ಹೇಳಿಕಳಿಸಿದರು. ಕೊಯ್ಲಿಗೆ ಬಂದ ರಾಗಿಗೆ ಕಾಡುಹಂದಿ ಬಿದ್ದಿದೆ, ತಮಗೆ ಕಣ್ಣು ಮಂಜು, ಅಳಿಯಂದಿರೇ ಬರಬೇಕು. ನಮ್ಮ ಮನೆಗೂ ವರ್ಷದ ರಾಗಿ ಬರುವುದು ಆ ಹೊಲದಿಂದಲೇ.

"ನಮ್ಮಳಿಯ ಗುರಿಗಾರ ಅಂತ ನಮ್ಮಪ್ಪ ಊರ್ಗೆಲ್ಲಾ ಸಾರವ್ರೆ" ಎಂದಳು ಹೆಂಡತಿ ರಾಚಮ್ಮ. "ನೀವು ಹಂದಿ ಬುಟ್ರೆ ತವ್ರಲ್ಲಿ ನಾನು ತಲೆ ಎತ್ತಂಗಿಲ್ಲ, ಇಲ್ಲಿ ಮುದ್ದೆನೂ ಇಲ್ಲ."

"ಓಯ್ತೀನಿ ಕಣೇ. ಕೈಗೆ ಒಸಿ ಅಭ್ಯಾಸ ಆಗ್ಲಿ."

ಕೋವಿಯಿಲ್ಲ, ಮದ್ದು ದುಬಾರಿ. ಹಾಗಾಗಿ ನನ್ನ ಧನುರ್ವಿದ್ಯೆ ಒನಕೆಯಿಂದ ಆರಂಭವಾಯಿತು. ಒನಕೆಯನ್ನು ಹೆಗಲಿಗಾನಿಸಿ, ಕೈ ನಡುಗದಿರಲೆಂದು ತುದಿಗೆ ನೀರಿನ ಚೊಂಬು ಕಟ್ಟಿ, ಗೋಡೆಯ ಮೇಲಿನ ಇದ್ದಿಲ ಬೊಟ್ಟಿಗೆ ಕಣ್ಣು ನೆಟ್ಟು ಉಸಿರು ಬಿಗಿಹಿಡಿಯುತ್ತಿದ್ದೆ. ನೀರು ಅಲುಗದಿದ್ದರೆ ಬಾಯಲ್ಲೇ "ಢಂ!" ಖರ್ಚು ಸೊನ್ನೆ.

"ಒನ್ಕೆ ಕೊಡ್ರೀ, ಭತ್ತ ಕುಟ್ಬೇಕು!"

"ಶ್! ಹಂದಿ ಬೆದರ್ತದೆ."

"ಅಯ್ಯೋ ನನ್ ಕರ್ಮವೇ!"

ಕೊನೆಗೆ ರಾಚಮ್ಮನ ಜೊತೆ ಅಜ್ಜೀಪುರಕ್ಕೆ ಹೋದೆ. ಆ ಮುಸ್ಸಂಜೆ ಹೊಲದಲ್ಲಿ ಮಾವ ತಾವೇ ಮದ್ದು ತುಂಬಿ, ಕೋವಿ ನನ್ನ ಕೈಗಿತ್ತು, "ಅಳಿಯಂದ್ರಿಗಿಂತ ಮುಂಚೆ ಯಾರೂ ಕೈ ಎತ್ಬ್ಯಾಡಿ" ಎಂದು ಊರವರಿಗೆ ಅಪ್ಪಣೆ ಮಾಡಿದರು. ಎಲ್ಲರೂ ಬದುವಿನ ಹಿಂದೆ ಅಡಗಿ ಕೂತರು.

ರಾಗಿ ಅಲುಗಿತು. ಹಂದಿ ಹೊರಬಂತು. ಹಂದಿಯೇ ಅದು, ದೇವರೇ! ಎಮ್ಮೆಕರುವಿನಷ್ಟಿತ್ತು. ಮೇಯುವುದು ನಿಲ್ಲಿಸಿ ನನ್ನನ್ನೇ ನೋಡಿತು. ಹಿಂದೆ ರಾಚಮ್ಮ ತಾಳಿ ಹಿಡಿದುಕೊಂಡಿದ್ದಳು. ಕೋವಿ ಎತ್ತಿದೆ. ಆಶ್ಚರ್ಯ, ಕೈ ನಡುಗಲಿಲ್ಲ. ಉಸಿರು ಬಿಗಿಹಿಡಿದೆ. ಹಂದಿಯ ಹಣೆ ಗುರಿಗೆ ಸರಿಯಾಗಿ ಸಿಕ್ಕಿತು. ಇದೇ ಕ್ಷಣ!

ಬೆರಳು ಕದಲಲೇ ಇಲ್ಲ. ಬಾಯಿ ಮಾತ್ರ ಸಕಲ ಶಕ್ತಿಯಿಂದ ಗರ್ಜಿಸಿತು:

"ಢಂ!"

ಹಂದಿ ಬೆಚ್ಚಿ, ಬೇಲಿ ಮುರಿದುಕೊಂಡು ಕಾಡಿಗೆ ಬಿತ್ತು. ಅದರ ಹಿಂದೆ ನನಗೆ ಕಾಣದಿದ್ದ ಒಂದು ಹಿಂಡೇ ಓಡಿತು.

ಮಾವ ಕೋವಿ ತೆಗೆದುಕೊಂಡು ತಡವಿ ನೋಡಿದರು. ಮದ್ದು ಹಾಗೇ ಇತ್ತು. ಭೂಮಿ ಬಾಯಿ ಬಿಡಲಿ ಎಂದು ಕಾಯುತ್ತಾ ನಿಂತೆ. ನಮ್ಮಲ್ಲಿ ಅಳಿಯನನ್ನು ಎದುರಿಗೆ ಬೈಯುವಂತಿಲ್ಲ. ಅವರು ಮಗಳ ಕಡೆ ತಿರುಗಿದರು.

"ನಿನ್ ಗಂಡ ಚಿನ್ನ ಕಣವ್ವಾ! ಚಿಟ್ಕೆ ಮದ್ದು ಕರ್ಚಿಲ್ದೆ ಹಿಂಡನ್ನೇ ಓಡ್ಸುದ್ರು! ಕೊಯ್ಲು ಮುಗಿಯೋಗಂಟ ಕಾವಲಿನ ಅಟ್ಟಣೆ ಮ್ಯಾಲೆ ಅವ್ರೇ ಕೂತ್ಕಳ್ಲಿ."

ಕಾಪಾಡೇ ಎಂದು ರಾಚಮ್ಮನನ್ನು ನೋಡಿದೆ.

"ಕೂತ್ಕತಾರೆ ಬುಡಪ್ಪಾ" ಎಂದಳು, ತಲೆ ಎತ್ತಿಕೊಂಡು.

ಮಗ್ಗ ಕೊಳ್ಳೇಗಾಲದಲ್ಲಿ ಧೂಳು ತಿನ್ನುತ್ತಿದೆ. ನಾನು ಅಟ್ಟಣೆಯ ಮೇಲಿದ್ದೇನೆ, ಢಂ ಢಂ ಎಂದು ಕೂಗಿ ಕೂಗಿ ಗಂಟಲು ಕಟ್ಟಿದೆ. ಈಗತಾನೆ ಪಕ್ಕದ ಹೊಲದವರು ಬಂದು ಕೈಮುಗಿದು ಹೋದರು:

"ಅಳಿಯಂದ್ರೇ, ಹೆಂಗೂ ಕೂಗ್ತೀರಲ್ಲ, ಒಸಿ ನಮ್ ಹೊಲದ ಕಡೀಕೂ ಮೊಕ ತಿರುಗ್ಸಿ."