ಐದು ಬೀಗದ ಗಾಡಿ

ಎಲ್ಲಕ್ಕೂ ಕಾರಣ ಹಾಲಿನವನು. ಆವತ್ತು ಬೆಳಿಗ್ಗೆ ಅವನು ಹಾಲು ಸುರಿದು ಸುಮ್ಮನೆ ಹೋಗಿದ್ದರೆ ಸೂಜಿ ಡಾಕ್ಟ್ರ ದಿನ ಎಲ್ಲ ದಿನಗಳ ಹಾಗೆ ಕಳೆದುಹೋಗುತ್ತಿತ್ತು. ಆದರೆ ಅವನು ಮನೆ ಮುಂದೆ ನಿಂತಿದ್ದ ಗಾಡಿಯ ಕಡೆ ಗದ್ದ ಎತ್ತಿ ತೋರಿಸಿ, "ಇಂಥದ್ದೇ ಒಂದು ಪಕ್ಕದ ಊರಲ್ಲಿ ರಾತ್ರೋರಾತ್ರಿ ಮಾಯವಾಯ್ತಂತೆ ಡಾಕ್ಟ್ರೇ. ಹುಷಾರು," ಎಂದು ಹೇಳಿ, ವ್ಯಾನು ಹತ್ತಿ, ಮುಂದಿನ ಮನೆಗೆ ಹೋಗಿ ಅಲ್ಲೂ ಅದನ್ನೇ ಹೇಳಿದ. ಅಲ್ಲಿಂದ ಅದರ ಮುಂದಿನ ಮನೆ.

ಡಾಕ್ಟ್ರು ಎಂದರೆ ನಿಜವಾದ ಡಾಕ್ಟರಲ್ಲ. ದನದ ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವ ಕೆಲಸ. ದೂರದ ಗುಡ್ಡದ ಮೇಲಿರುವ ಕುರಿಯವರು ಡಾಕ್ಟ್ರೇ ಡಾಕ್ಟ್ರೇ ಎಂದು ಕರೆದು ಕರೆದು ಊರಿಗೆಲ್ಲ ಆ ಹೆಸರೇ ಉಳಿದಿತ್ತು. ಇಪ್ಪತ್ತೆರಡು ವರ್ಷ ಔಷಧದ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಆ ಗುಡ್ಡ ಹತ್ತಿ ಇಳಿದು ಅವರ ಬಲಮಂಡಿ ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರ್ರೆನ್ನತೊಡಗಿತ್ತು. ಅದನ್ನು ನೋಡಲಾರದೆ ಕುರಿಯವರೆಲ್ಲ ಸೇರಿ, ಎರಡು ವರ್ಷದ ಉಣ್ಣೆ ಮಾರಿ, ಹೋದ ವಾರ ಅವರಿಗೊಂದು ಎ.ಟಿ.ವಿ. ತಂದು ನಿಲ್ಲಿಸಿದ್ದರು. ನಾಲ್ಕು ದಪ್ಪ ಚಕ್ರ, ಬೈಕಿನಂಥ ಹ್ಯಾಂಡಲ್ಲು, ಕಲ್ಲು ಕೆಸರು ಯಾವುದಕ್ಕೂ ಜಗ್ಗದ ಗಾಡಿ. ಡಾಕ್ಟ್ರು ಆವತ್ತು ಅದರ ಸೀಟು ಸವರುತ್ತ ನಿಂತುಬಿಟ್ಟಿದ್ದರು.

ಈವತ್ತು ಸಂಜೆ ನಾಲ್ಕಕ್ಕೆ ಆ ಗಾಡಿಯಲ್ಲಿ ಮೊದಲ ಸಲ ಗುಡ್ಡ ಹತ್ತಬೇಕು. ಆಚೆ ಗುಡ್ಡದಲ್ಲಿ ಕುರಿಗಳಿಗೆ ಜ್ವರ ಬಂದಿದೆ. ಈಚೆಗೆ ಹರಡುವ ಮೊದಲು ಎಂಬತ್ತಾರು ಕುರಿಗೆ ಚುಚ್ಚಬೇಕು. ಔಷಧ ಐಸಿನಲ್ಲಿರಬೇಕು, ಕತ್ತಲಾಗುವುದರೊಳಗೆ ಮುಗಿಯಬೇಕು. ಗುಡ್ಡದ ಬುಡದ ತನಕ ಗಾಡಿ ಸಾಗಿಸಲು ಆಸ್ಪತ್ರೆಯವರು ಜೀಪು, ಹಿಂದೆ ಎಳೆಯುವ ಟ್ರೇಲರು ಎರಡನ್ನೂ ಕೊಟ್ಟಿದ್ದರು.

"ಇದು ಕಳೆದುಹೋದ್ರೆ ಆ ಜನಕ್ಕೆ ಯಾವ ಮುಖ ತೋರಿಸ್ಲೇ?" ಎಂದರು ಡಾಕ್ಟ್ರು ಹೆಂಡತಿಗೆ.

"ಮುಖ ಆಮೇಲೆ ತೋರಿಸೋರಂತೆ, ಮೊದಲು ತೊಳ್ಕೊಳ್ಳಿ," ಎಂದಳು ಹೆಂಡತಿ.

ಮುಖ ಒರೆಸಿಕೊಂಡು ಹೊರಬರುವಷ್ಟರಲ್ಲಿ ಎದುರುಮನೆಯ ಪೇದೆ ಮಾವ ಗಾಡಿಯ ಸುತ್ತ ಕೈ ಹಿಂದೆ ಕಟ್ಟಿಕೊಂಡು ಸುತ್ತುತ್ತಿದ್ದರು. ಅವರು ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ನಿವೃತ್ತಿಯ ಸುದ್ದಿ ಅವರ ಮೀಸೆಗೆ ಮಾತ್ರ ಇನ್ನೂ ತಲುಪಿರಲಿಲ್ಲ.

"ಏನಪ್ಪಾ ಇದು, ರಸ್ತೆಗೆ ಕಾಣೋ ಹಾಗೆ ನಿಲ್ಸಿದ್ದೀಯ! ಗಾಡಿ ಅಂದ್ರೆ ಕಾಣ್ಬಾರ್ದು, ಕದಲ್ಬಾರ್ದು, ಮುಟ್ಟಿದ್ರೆ ಕೂಗ್ಬೇಕು. ನಮ್ಮ ಸ್ಟೇಷನ್ನಲ್ಲಿ ಹೇಳ್ತಿದ್ದ ಮಾತು."

"ನಿಮ್ಮ ಸ್ಟೇಷನ್ ಮುಂದೆ ನಿಂತಿದ್ದ ಸೈಕಲ್ಲೇ ಹೋಗಿತ್ತಲ್ಲ ಮಾವ?" ಎಂದಳು ಹೆಂಡತಿ ಒಳಗಿನಿಂದ.

"ಆ ಸೈಕಲ್ಲಿಂದಲೇ ಕಲಿತಿದ್ದು ತಾಯಿ," ಎಂದರು ಪೇದೆ ಮಾವ, ಸ್ವಲ್ಪವೂ ಅಳುಕದೆ.

ಡಾಕ್ಟ್ರಲ್ಲಿ ಒಂದು ದೌರ್ಬಲ್ಯವಿತ್ತು. ಯಾರಾದರೂ ಸಹಾಯಕ್ಕೆ ಬಂದರೆ ಬೇಡ ಎನ್ನಲು ಅವರ ನಾಲಿಗೆ ತಿರುಗುತ್ತಿರಲಿಲ್ಲ. "ದೊಡ್ಡ ಉಪಕಾರ ಆಯ್ತು" ಎಂಬ ಮಾತೊಂದೇ ತಾನಾಗಿ ಹೊರಬರುತ್ತಿತ್ತು. ಈಗಲೂ ಬಂತು. ಆ ಮಾತು ಬೀದಿಗೆಲ್ಲ ಕೇಳಿಸಿತೋ ಏನೋ.

ಮೂಲೆಮನೆಯ ಬೀಗದಜ್ಜ ಒಂದು ಚೀಲ ಹೊತ್ತು ಬಂದರು. ಅವರು ಅರವತ್ತು ವರ್ಷ ಬೀಗ ಮಾಡಿದವರು. ಮುಂದಿನ ಚಕ್ರಕ್ಕೊಂದು ಸರಪಳಿ, ಹಿಂದಿನದಕ್ಕೊಂದು, ಹ್ಯಾಂಡಲ್ಲಿಗೆ ಕಬ್ಬಿಣದ ಸರಳು, ಔಷಧದ ಪೆಟ್ಟಿಗೆಯ ಹಿಡಿಕೆಯನ್ನು ಗಾಡಿಗೆ ಬಿಗಿಯಲು ಒಂದು, ದಾರಿಯಲ್ಲಿ ಟ್ರೇಲರನ್ನು ಮರಕ್ಕೋ ಕಂಬಕ್ಕೋ ಕಟ್ಟಲು ಇನ್ನೊಂದು. ಐದಕ್ಕೂ ಐದು ಬೀಗ, ಒಂದೊಂದೂ ತೆಂಗಿನಕಾಯಿ ಗಾತ್ರ.

"ಪೆಟ್ಟಿಗೆಗೂ ಯಾಕಜ್ಜ?"

"ಒಯ್ಯೋಕಾಗ್ಬಾರ್ದು. ಮುಚ್ಚಳ ಬೇಕಾದ್ರೆ ತೆಗೀಬಹುದು, ನೋಡ್ಕೋ. ನಿನ್ನ ಗಾಡಿ ಕೀಲಿ ಎರಡೂ ಕೊಡು, ಎಲ್ಲಾ ಒಂದೇ ಗೊಂಚಲಿಗೆ ಹಾಕ್ತೀನಿ."

ಆಮೇಲೆ ವೈರಿಂಗ್ ಅಕ್ಕ ಬಂದಳು. ಬೀದಿಯ ಮಿಕ್ಸಿ, ಫ್ಯಾನು, ರೇಡಿಯೋಗಳೆಲ್ಲ ಅವಳ ಕೈಯಲ್ಲಿ ಸತ್ತು ಮತ್ತೆ ಹುಟ್ಟಿದವು. ಕಾರ್ಖಾನೆಯೊಂದು ಮುಚ್ಚಿದಾಗ ಸಿಕ್ಕಿದ ಸೈರನ್ನನ್ನು ಸೀಟಿನ ಕೆಳಗೆ ಕೂರಿಸಿದಳು.

"ಬೆಕ್ಕು ಹತ್ತಿದ್ರೆ, ಕೈ ಇಟ್ರೆ ಕೂಗಲ್ಲ ಅಣ್ಣ. ಮನುಷ್ಯ ಪೂರ್ತಿ ಭಾರ ಹಾಕಿ ಕೂತ್ರೆ ಶುರು. ನಿಲ್ಸೋಕೆ ಕೀಲಿ ಬೇಕು. ಗೊಂಚಲಿಗೆ ಇದನ್ನೂ ಸೇರಿಸ್ಕೊಳ್ಳಿ."

"ದೊಡ್ಡ ಉಪಕಾರ ಆಯ್ತಕ್ಕ."

ಗಾಡಿಯನ್ನು ಟ್ರೇಲರಿಗೆ ಹತ್ತಿಸಿ, ಸರಪಳಿ ಸುತ್ತಿ, ಒಂದೊಂದು ಬೀಗವನ್ನೂ ಪೇದೆ ಮಾವ ಎರಡೆರಡು ಸಲ ಎಳೆದು ನೋಡುವಷ್ಟರಲ್ಲಿ ಹನ್ನೊಂದಕ್ಕೆ ಹೊರಡಬೇಕಾದವರಿಗೆ ಮಧ್ಯಾಹ್ನ ಒಂದು ಗಂಟೆಯಾಯಿತು. ಹೆಂಡತಿ ಒಂದು ಟವೆಲ್ಲನ್ನು ಗಾಡಿಯ ಸೀಟಿನ ಕೆಳಗಿದ್ದ ಸಣ್ಣ ಗೂಡಿನಲ್ಲಿಟ್ಟು ಸೀಟು ಒತ್ತಿದಳು. ಟಕ್ ಎಂದು ಮುಚ್ಚಿಕೊಂಡಿತು. ಆ ಸೀಟೇ ಹಾಗೆ, ಮುಚ್ಚಲು ಬೆರಳು ಸಾಕು, ತೆಗೆಯಲು ಕೀಲಿಯೇ ಬೇಕು.

"ಹೋಗ್ಬನ್ನಿ. ಗಾಡಿ ಚಿಂತೇಲಿ ನಿಮ್ಮನ್ನ ನೀವು ಎಲ್ಲಾದ್ರೂ ಮರೆತು ಬಂದೀರ," ಎಂದಳು.

ಗುಡ್ಡದ ಬುಡ ತಲುಪಿದಾಗ ಮೂರು ಗಂಟೆ. ಪೆಟ್ಟಿಗೆಯ ಮುಚ್ಚಳ ತೆಗೆದರೆ ಐಸೆಲ್ಲ ನೀರಾಗತೊಡಗಿತ್ತು. ಪುಣ್ಯಕ್ಕೆ ಎದುರಿನ ಸಂದಿಯ ಕೊನೆಯಲ್ಲಿ ಐಸು ಮಾರುವ ಅಂಗಡಿಯಿತ್ತು. ಬಕೆಟ್ಟು ತೆಗೆದುಕೊಂಡು ಓಡಲು ಹೊರಟವರಿಗೆ ಪೇದೆ ಮಾವನ ಮೀಸೆ ಕಣ್ಣ ಮುಂದೆ ಬಂತು. ನಿಂತರು. ದೊಡ್ಡ ಮರವೊಂದನ್ನು ಹುಡುಕಿ, ಟ್ರೇಲರಿನ ಸರಪಳಿಯನ್ನು ಅದಕ್ಕೆ ಸುತ್ತಿ ಬೀಗ ಹಾಕಿದರು. ಐಸು ಸುತ್ತಲು ಸೀಟು ತೆಗೆದು ಟವೆಲ್ಲು ಎಳೆದುಕೊಂಡರು. ಗೊಂಚಲನ್ನು ಜೇಬಿಗೆ ಹಾಕಿದ್ದೇ ತಡ, ಅದರ ಭಾರಕ್ಕೆ ಜೇಬು ಪರ್ರೆಂದು ಹರಿದು, ಕೀಲಿಗಳೆಲ್ಲ ಪಾದದ ಮೇಲೆ ಬಿದ್ದವು. ಕುಂಟುತ್ತ ಹೋಗಿ ಗೊಂಚಲನ್ನೂ ಫೋನನ್ನೂ ಜೀಪಿನ ಸೀಟಿನ ಮೇಲಿಟ್ಟು, ಸರಪಳಿಗಳನ್ನು ಇನ್ನೊಂದು ಸಲ ಜಗ್ಗಿ ನೋಡಿ, ಐಸಿಗೆ ಓಡಿದರು.

ಹತ್ತು ನಿಮಿಷದಲ್ಲಿ ಮರಳಿದರು. ಮರ ಇತ್ತು. ಟ್ರೇಲರು ಇತ್ತು. ಎ.ಟಿ.ವಿ. ಐದೂ ಬೀಗ ತೊಟ್ಟು ಮದುಮಗಳ ಹಾಗೆ ಕೂತಿತ್ತು.

ಜೀಪು ಇರಲಿಲ್ಲ.

ಡಾಕ್ಟ್ರು ಮರದ ಆಚೆ ನೋಡಿದರು, ಈಚೆ ನೋಡಿದರು. ಜೀಪು ಮರದ ಹಿಂದೆ ಅವಿತುಕೊಳ್ಳುವ ವಸ್ತುವಲ್ಲ ಎಂದು ಗೊತ್ತಿದ್ದರೂ ಇನ್ನೊಂದು ಸುತ್ತು ಬಂದರು. ಜೀಪಿನ ಕೀಲಿ? ಜೀಪಿನಲ್ಲೇ ತೂಗುತ್ತಿತ್ತು. ಗೊಂಚಲು? ಜೀಪಿನಲ್ಲಿ. ಫೋನು? ಅದೂ. ಆಸ್ಪತ್ರೆಯ ಜೀಪು ಕಳೆದವನಿಗೆ ನಾಳೆ ಆಸ್ಪತ್ರೆಯಲ್ಲಿ ಏನು ಕೆಲಸ? ಐಸಿನಂಗಡಿಯವನನ್ನು ಕರೆಯೋಣವೆಂದರೆ ಗಾಡಿ ಬಿಟ್ಟು ಹೋಗಲು ಧೈರ್ಯವಿಲ್ಲ. ಪೆಟ್ಟಿಗೆ ಹೊತ್ತು ನಡೆಯೋಣವೆಂದರೆ ಅದು ಗಾಡಿಗೆ ಅಂಟಿಕೊಂಡಿದೆ, ಗಾಡಿ ಟ್ರೇಲರಿಗೆ, ಟ್ರೇಲರು ಮರಕ್ಕೆ, ಮರ ಭೂಮಿಗೆ.

ಐಸನ್ನು ಪೆಟ್ಟಿಗೆಗೆ ಸುರಿದರು. ಟ್ರೇಲರು ಹತ್ತಿ, ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಗಾಡಿಯ ಸೀಟಿನ ಮೇಲೆ ಪೂರ್ತಿ ಭಾರ ಹಾಕಿ ಕೂತರು.

ಕಾರ್ಖಾನೆಯ ಸೈರನ್ನು ಬಾಯಿ ಬಿಟ್ಟಿತು.

ಡಾಕ್ಟ್ರು ಹಾರಿ ಕೆಳಗೆ ಬಿದ್ದರು. ಮರದ ಹಕ್ಕಿಗಳೆಲ್ಲ ಒಟ್ಟಿಗೆ ಊರು ಬಿಟ್ಟವು. ನಿಲ್ಲಿಸಲು ಕೀಲಿಯಿಲ್ಲ. ಟವೆಲ್ಲು ಹೊದಿಸಿದರು, ಕೈ ಮುಗಿದರು, ಕೊನೆಗೆ "ಸುಮ್ನಿರೋ ಮಾರಾಯ!" ಎಂದು ಬೇಡಿಕೊಂಡರು. ಅದು ಇನ್ನೂ ಉತ್ಸಾಹದಿಂದ ಕೂಗಿತು. ಸಾವಿರ ಜನರನ್ನು ಕೆಲಸಕ್ಕೆ ಕರೆಯುತ್ತಿದ್ದ ಸೈರನ್ನು ಒಬ್ಬ ಸೂಜಿ ಡಾಕ್ಟ್ರ ಮಾತಿಗೆ ಬಗ್ಗೀತೇ?

ಅರ್ಧ ಗಂಟೆ ಕಳೆದಿರಬಹುದು. ಗುಡ್ಡದ ದಾರಿಯಲ್ಲಿ ಧೂಳೆದ್ದಿತು. ಕೂಗು ಕೇಳಿ, ಮೇಲಿನಿಂದಲೇ ಡಾಕ್ಟ್ರ ಗಾಡಿಯನ್ನು ಗುರುತಿಸಿ, ದೊಣ್ಣೆ ಹಿಡಿದು ಎಂಟು ಹತ್ತು ಜನ ಓಡಿ ಬರುತ್ತಿದ್ದರು. ಎಲ್ಲರ ಮುಂದೆ ಕುರಿಮನೆಯ ಅಜ್ಜಿ, ಎಪ್ಪತ್ತು ದಾಟಿದವರು, ಸೀರೆ ಎತ್ತಿ ಕಟ್ಟಿದ್ದರು. ಅವರ ಹಿಂದೆ, ದೊಡ್ಡಿಯ ಬಾಗಿಲು ಹಾಕುವುದನ್ನು ಯಾರೋ ಮರೆತದ್ದರಿಂದ, ಅಜ್ಜಿ ಹೋದಲ್ಲಿ ಹೋಗುವ ಎಂಬತ್ತಾರು ಕುರಿಗಳು.

"ಎಲ್ಲಿ ಕಳ್ಳ? ಯಾರವನು ನಮ್ಮ ಡಾಕ್ಟ್ರ ಗಾಡಿ ಮುಟ್ಟಿದೋನು?" ಅಜ್ಜಿಯ ದೊಣ್ಣೆ ಡಾಕ್ಟ್ರ ಮೂಗಿನ ಮುಂದೆ ಬಂದು ನಿಂತಿತು. "ಅಯ್ಯೋ, ನೀವಾ!"

ಸೈರನ್ನಿನ ಮೇಲೆ ಕೂಗಿ ಕೂಗಿ ಡಾಕ್ಟ್ರು ಎಲ್ಲ ಹೇಳಿದರು. ಹೇಳಿ ತಲೆ ತಗ್ಗಿಸಿದರು. "ನೀವು ಕೊಟ್ಟ ಗಾಡೀಲಿ ಒಂದು ಹೆಜ್ಜೆನೂ ಹತ್ತಿ ಬರೋಕೆ ಆಗ್ಲಿಲ್ಲ ಅಜ್ಜಿ."

"ಇಪ್ಪತ್ತೆರಡು ವರ್ಷ ನೀವು ನಮ್ಮ ಹತ್ರ ಬಂದ್ರಿ. ಒಂದಿನ ನಾವು ಇಳಿದು ಬಂದ್ರೆ ಗುಡ್ಡ ಏನು ಸವೆದು ಹೋಗುತ್ತಾ?" ಎಂದರು ಅಜ್ಜಿ. "ಕುರಿ ಇಲ್ಲೇ ಇದಾವೆ, ಸೂಜಿ ಇಲ್ಲೇ ಇದೆ. ಮುಚ್ಚಳ ತೆಗೀರಿ."

ಪೆಟ್ಟಿಗೆ ಕದಲದಿದ್ದರೂ ಮುಚ್ಚಳ ತೆರೆಯಿತು. ಡಾಕ್ಟ್ರು ಮನಸ್ಸಿನಲ್ಲೇ ಬೀಗದಜ್ಜನಿಗೂ ವೈರಿಂಗ್ ಅಕ್ಕನಿಗೂ ಕೈ ಮುಗಿದು ಕೆಲಸಕ್ಕೆ ಕೂತರು. ಒಬ್ಬೊಬ್ಬರು ಒಂದೊಂದು ಕುರಿಯನ್ನು ಮಂಡಿಯ ನಡುವೆ ಹಿಡಿದು ಕೊಟ್ಟರು. ಅರವತ್ತನೆಯ ಕುರಿಯ ಹೊತ್ತಿಗೆ ಸೈರನ್ನಿನ ಗಂಟಲು ಕಟ್ಟಿತು. ಎಂಬತ್ತರ ಹೊತ್ತಿಗೆ ಗಾಡಿಯ ಬ್ಯಾಟರಿ ಪೂರ್ತಿ ಮುಗಿದು, ಅದು ಕುರಿಯಂತೆಯೇ ಒಮ್ಮೆ ಬ್ಯಾ ಎಂದು ಸುಮ್ಮನಾಯಿತು. ಬಿಸಿಲು ಇಳಿಯುವ ಮೊದಲು ಎಂಬತ್ತಾರೂ ಮುಗಿಯಿತು. ಒಂದು ತೊಟ್ಟು ಔಷಧವೂ ಕೆಡಲಿಲ್ಲ.

"ಈಗ ಜೀಪು," ಎಂದರು ಅಜ್ಜಿ. ಅವರ ಅಳಿಯ ಫೋನು ತೆಗೆದ. "ಯಾರಿಗೆ ಮಾಡ್ಲಿ? ನಂಬರ್ ಹೇಳಿ."

ಡಾಕ್ಟ್ರು ಹಣೆ ಉಜ್ಜಿಕೊಂಡರು. ಹೆಂಡತಿಯ ನಂಬರ್ ನೆನಪಿಲ್ಲ. ಆಸ್ಪತ್ರೆಯದು ನೆನಪಿಲ್ಲ. "ನನಗೆ ಬಾಯಲ್ಲಿ ಬರೋದು ನನ್ನ ನಂಬರ್ ಒಂದೇ."

"ಅದಕ್ಕೇ ಮಾಡು. ಕಳ್ಳನ ಹತ್ರಾನೇ ಮಾತಾಡೋಣ," ಎಂದು ಅಜ್ಜಿ ಫೋನು ಕಿತ್ತುಕೊಂಡರು. ಎಂಟು ಸಲ ರಿಂಗಾದ ಮೇಲೆ ಯಾರೋ ಆಕಳಿಸುತ್ತ "ಹಲೋ" ಎಂದರು.

"ಏಯ್ ಕಳ್ಳ! ನಾಚ್ಕೆ ಆಗಲ್ವಾ ನಿಂಗೆ?"

"ಯಾರಮ್ಮ ನೀನು? ನಾನು ಪೊಲೀಸ್!"

ಅಜ್ಜಿ ಫೋನಿಗೆ ಕೈ ಅಡ್ಡ ಹಿಡಿದು ಕಣ್ಣರಳಿಸಿದರು. "ಎಷ್ಟು ಧೈರ್ಯ ನೋಡಿ ಡಾಕ್ಟ್ರೇ, ತಾನು ಪೊಲೀಸ್ ಅಂತಾನೆ!"

ಡಾಕ್ಟ್ರಿಗೆ ಮಾತ್ರ ಆ ಆಕಳಿಕೆ ಎಲ್ಲೋ ಕೇಳಿದ ಹಾಗಿತ್ತು. ಐದು ನಿಮಿಷದಲ್ಲಿ ತಿರುವಿನ ಆಚೆಯಿಂದ ಜೀಪು ಬಂದು ನಿಂತಿತು. ಒಳಗಿನಿಂದ ಮೊದಲು ಮೀಸೆ ಇಳಿಯಿತು, ಅದರ ಹಿಂದೆ ಪೇದೆ ಮಾವ.

"ನೋಡಿದ್ಯಾ?" ಎಂದರು ಜಯಭೇರಿ ಹೊಡೆದವರ ಹಾಗೆ. "ಹಾಲಿನವನ ವ್ಯಾನಿನಲ್ಲಿ ನಿನ್ನ ಹಿಂದೇನೇ ಬಂದೆ, ಕಲಿಸಿದ್ದು ಪಾಲಿಸ್ತೀಯೋ ಇಲ್ವೋ ನೋಡೋಣ ಅಂತ. ಎ.ಟಿ.ವಿ.ಗೆ ಐದು ಬೀಗ, ಜೀಪಿನಲ್ಲಿ ಕೀಲಿ ತೂಗಾಡ್ತಿದೆ! ನಿಜವಾದ ಕಳ್ಳ ಬಂದಿದ್ರೆ? ಕೊಕ್ಕೆ ಬಿಚ್ಚಿ, ಜೀಪನ್ನ ತಿರುವಿನ ಆಚೆ ಮರೆಯಾಗಿ ನಿಲ್ಸಿ ಕಾದೆ."

"ಇಷ್ಟು ಹೊತ್ತಾ ಮಾವ? ಸೈರನ್ ಕೇಳಿಸ್ಲಿಲ್ವಾ?"

"ಕೇಳಿಸ್ತು. ಆಹಾ, ನಮ್ಮ ಏರ್ಪಾಡು ಕೆಲಸ ಮಾಡ್ತಿದೆ ಅಂತ ಎಷ್ಟು ನೆಮ್ಮದಿ ಆಯ್ತು ಅಂದ್ರೆ, ಹಾಗೇ ನಿದ್ದೆ ಬಂತು."

ಡಾಕ್ಟ್ರಿಗೆ ಸಿಟ್ಟು ಬರಬೇಕಾಗಿತ್ತು. ಆದರೆ ಜೀಪು ಕಣ್ಣ ಮುಂದಿತ್ತು, ಕುರಿಗಳು ಕಾಲಡಿ ಮೇಯುತ್ತಿದ್ದವು, ನೌಕರಿ ಉಳಿದಿತ್ತು. ಮನಸ್ಸು ತುಂಬಿ ಬಂತು. "ಇರ್ಲಿ ಮಾವ, ದೊಡ್ಡ ಉಪಕಾರ ಆಯ್ತು. ಗೊಂಚಲು ಕೊಡಿ. ನೂಕಿ ಸ್ಟಾರ್ಟ್ ಮಾಡಿಯಾದ್ರೂ ಸರಿ, ಅಜ್ಜೀನ ಗುಡ್ಡದ ಮೇಲೆ ಬಿಟ್ಟು ಬರ್ತೀನಿ."

"ಗೊಂಚಲಾ? ಜೀಪಿನ ಸೀಟಿನ ಮೇಲೆ ಹಾಗೇ ಬಿಸಾಕಿದ್ದೆಯಲ್ಲ, ಅದು ಇನ್ನೊಂದು ತಪ್ಪು. ಯಾವ ಕಳ್ಳನೂ ಹುಡುಕಲಾರದ ಕಡೆ ಇಟ್ಟಿದ್ದೀನಿ." ಪೇದೆ ಮಾವ ಮೀಸೆ ಸವರಿದರು. "ನಿನ್ನ ಎ.ಟಿ.ವಿ. ಸೀಟು ಬೇರೆ ಬಾಯಿ ತೆರೆದುಕೊಂಡಿತ್ತು. ಒಳಗಿಟ್ಟು, ಬೆರಳಲ್ಲಿ ಮೆಲ್ಲಗೆ ಒತ್ತಿದೆ ನೋಡು, ಟಕ್ ಅಂತು!"

ಒಂದು ಕುರಿ ಕೆಮ್ಮಿತು.

ಡಾಕ್ಟ್ರು ಮೆಲ್ಲಗೆ ತಮ್ಮ ಫೋನು ತೆಗೆದುಕೊಂಡು ಬೀಗದಜ್ಜನಿಗೆ ಮಾಡಿದರು. "ಅಜ್ಜ, ಗಾಡಿದು ಇನ್ನೊಂದು ಕೀಲಿ ಕೊಟ್ಟಿದ್ದೆನಲ್ಲ, ನಿಮ್ಮ ಬೀಗಗಳದ್ದೂ ಎರಡನೇ ಜೊತೆ ಇರುತ್ತಲ್ಲ, ಅವೆಲ್ಲ ಎಲ್ಲಿವೆ?"

"ಭದ್ರವಾಗಿವೆ ಕಣಪ್ಪಾ," ಎಂದರು ಅಜ್ಜ ಪ್ರೀತಿಯಿಂದ. "ಬೇರೆ ಇಟ್ರೆ ಎಲ್ಲಾದ್ರೂ ಕಳ್ಕೊಂಡೀಯ ಅಂತ ಎಲ್ಲಾನೂ ಅದೇ ಗೊಂಚಲಿಗೆ ಹಾಕಿದ್ದೀನಿ. ಭಾರ ಅನ್ನಿಸ್ಲಿಲ್ವಾ?"

"ಅನ್ನಿಸ್ತು ಅಜ್ಜ. ಜೇಬೇ ಹರೀತು."

"ಒಡೆಯೋಕೆ ಮಾತ್ರ ಹೋಗ್ಬೇಡ. ಅವು ನಾನು ಮಾಡಿದ ಬೀಗ, ಒಡೆಯಲ್ಲ."

"ದೊಡ್ಡ ಉಪಕಾರ ಆಯ್ತಜ್ಜ," ಎಂದರು ಡಾಕ್ಟ್ರು.

ಕುರಿಮನೆಯ ಅಜ್ಜಿ ತಮ್ಮ ಹೆಗಲ ಕಂಬಳಿ ತೆಗೆದು, ಇಬ್ಬನಿ ಬೀಳದ ಹಾಗೆ ಗಾಡಿಗೆ ಹೊದಿಸಿದರು.

"ಮುಂದಿನ ವಾರ ಎರಡನೇ ಸೂಜಿ ಇದೆಯಲ್ಲ ಡಾಕ್ಟ್ರೇ, ಹೇಗೆ ಬರ್ತೀರಿ?" ಎಂದು ಕೇಳಿದ ಅಳಿಯ.

ಡಾಕ್ಟ್ರು ಗುಡ್ಡದ ತುದಿಯ ತನಕ ಒಮ್ಮೆ ನೋಡಿದರು. ಉತ್ತರ ಹೇಳುವ ಮೊದಲೇ ಬಲಮಂಡಿ ಕಿರ್ರೆಂದಿತು.