ನವಿಲಿನ ಕೆಳಗೊಬ್ಬ ಬೌಲರ್

ನನ್ನ ಸೋದರಮಾವನ ಕೈಗೆ ಕರೆಂಟ್ ಬಿಲ್ ಕೊಟ್ಟರೂ ಅದನ್ನು ಲಗ್ನಪತ್ರಿಕೆ ಮಾಡಿ ವಾಪಸ್ ಕೊಡುತ್ತಾನೆ! ಗಂಗಾವತಿಯಲ್ಲಿ ಅವನದು ಲಗ್ನಪತ್ರಿಕೆಯ ಪ್ರೆಸ್ಸು. ರೈಸ್‌ಮಿಲ್ಲಿನ "ಒಳಗೆ ಬೀಡಿ ಸೇದಬೇಡಿ" ಫಲಕಕ್ಕೂ ನವಿಲು ಕೂರಿಸಿದವನು. ಪ್ರೂಫ್ ನೋಡುವವಳು ನಾನು. ತಪ್ಪು ಕಂಡರೆ ನನಗೆ ಊಟ ಸೇರುವುದಿಲ್ಲ.

ಹೋದ ತಿಂಗಳು ಅವನು ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದ. ಒಳಗೆ ಅವನ ಶಾಲಾದಿನಗಳ ಕ್ರಿಕೆಟ್ ಕಾರ್ಡುಗಳು. ಚೂಯಿಂಗ್ ಗಮ್ಮಿನ ಜೊತೆ ಬರುತ್ತಿದ್ದವಂತೆ. ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಸಾಧನೆ.

"ಇವರ್ಯಾರೂ ನಮ್ಮ ಖಾದರನ ಮುಂದ ಬೌಲರ್ ಅಲ್ಲ. ಇಂಥವನ್ನ ಅವನ ಹೆಸರೀಲೆ ಹೊಸದಾಗಿ ಮಾಡಾಂವ ಅದೀನಿ" ಎಂದ.

ಖಾದರ್ ಚಾಚಾ ಅವನ ಗೆಳೆಯರು. ಪಕ್ಕದ ಮರಳಿ ಊರಲ್ಲಿ ಪಂಕ್ಚರ್ ಅಂಗಡಿ, ಮನೆಯಲ್ಲಿ ಮೊಮ್ಮಗಳು. ಎಂದೋ ಟೆನಿಸ್ ಬಾಲ್ ಎಸೆದವರಿಗೆ ಈಗ ಕಾರ್ಡು ಯಾಕೆ? ನನಗೆ ತಲೆಬುಡ ತಿಳಿಯಲಿಲ್ಲ.

ನನಗೆ ತೋರಿಸದೆಯೇ ಅಚ್ಚು ಹಾಕಿ ಹಂಚಿಬಿಟ್ಟ. ಬಂಗಾರದ ಅಂಚು, ಮೇಲೆ ನವಿಲು, ನಡುವೆ ಚೆಂಡು ಹಿಡಿದ ಚಾಚಾ, ಹಿಂದೆ ಅವರ ವಿಕೆಟ್ಟುಗಳ ಪಟ್ಟಿ, ಕೆಳಗೆ ಅಭ್ಯಾಸಬಲದಿಂದ "ತಾವು ಸಕುಟುಂಬ ಬಂದು ಹರಸಬೇಕು"! ನೋಡಿದವರು ಏನಂತ ತಿಳಿಯಬೇಕು?

ಮರುದಿನ ಚಾಚಿಯ ಫೋನು: "ಬೇಟಿ, ನಮ್ಮನಿಯವರ ಲಗ್ನ ಯಾವಾಗೈತಿ? ಮಂದಿ ಕೇಳಾಕತ್ತಾರ. ಮೊದಲ ಹೇಳಿದ್ರ ನಾನೂ ಒಂದು ಛಲೋ ಸೀರಿ ತೆಗೆದಿಡತಿದ್ನಲ್ಲಾ!"

ಸಂಜೆ ಚಾಚಾ ಕಾರ್ಡು ಹಿಡಿದು ಪ್ರೆಸ್ಸಿಗೇ ಬಂದರು. "ಲೇ, ಮನಿಯಾಗ ನನಗ ಚಾ ಬಂದ್ ಆಗೈತಿ! ಏನ್ ಮಾಡಿಟ್ಟೀಯೋ ಇದು?"

ತಿದ್ದಿ ಮತ್ತೆ ಅಚ್ಚು ಹಾಕೋಣವೆಂದು ನಾನು ಇನ್ನೊಂದು ಕಾರ್ಡು, ಪೆನ್ಸಿಲು ತೆಗೆದೆ. ಮಾವ ಜೋಪಾನ ಮಾಡಿದ್ದ ಹಳೆಯ ಸ್ಕೋರಿನ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟು ಒಂದೊಂದೇ ಸಾಲು ನೋಡಿದೆ.

"ಮಾವಾ, ಇರಕಲ್ಲಗಡದ ಫೈನಲ್ ಮ್ಯಾಚು. ನೋಟ್‌ಬುಕ್ಕಿನ್ಯಾಗ ಆರು ವಿಕೆಟ್ ಅದಾವ, ಕಾರ್ಡಿನ್ಯಾಗ ಏಳು. ತಪ್ಪೈತಿ."

ಮಾವ ನೋಟ್‌ಬುಕ್ಕನ್ನು ತನ್ನ ಕಡೆ ಎಳೆದುಕೊಂಡ.

"ತಪ್ಪಲ್ಲವ್ವಾ" ಎಂದ. "ಏಳನೇದು ನನ್ನ ಕೈಯಾಗ ಬಂದಿತ್ತು. ಕ್ಯಾಚ್ ಬಿಟ್ಟೆ. ಮ್ಯಾಚ್ ಹೋತು. ಜಿಲ್ಲಾ ಟೀಮಿಗೆ ಆರಿಸಾಕ ಬಂದವ್ರು ಗೆದ್ದವ್ರನ್ನ ಕರಕೊಂಡು ಹೋದ್ರು. ಇಂವ ಪಂಕ್ಚರ್ ಅಂಗಡ್ಯಾಗ ಪಂಪ್ ಹಿಡದ."

ಚಾಚಾ ಕಾರ್ಡು ತಿರುಗಿಸಿದರು. ಗ್ರೀಸ್ ಮೆತ್ತಿದ ಬೆರಳು ಏಳರ ಮೇಲೆ ನಿಂತಿತು.

"ಇಷ್ಟ ವರ್ಷ ಇದನ್ನ ಹೊತಗೊಂಡು ಅಡ್ಡಾಡೀಯೇನಲೇ, ಹುಚ್ಚಾ?"

ಚಾಚಾ ಕಾರ್ಡನ್ನು ಅಂಗಿಯ ಕಿಸೆಯೊಳಗೆ ಇಳಿಸಿ ನನ್ನ ಕಡೆ ತಿರುಗಿದರು.

"ನವಿಲು ತೆಗಿ ಬೇಟಿ. ಏಳು ಹಂಗ ಇರಲಿ. ಕ್ಯಾಚ್ ಹಿಡ್ಯಾಕ ಜರಾ ತಡ ಮಾಡ್ಯಾನ, ಅಷ್ಟ."

ಪೆನ್ಸಿಲು ಕೈಯಲ್ಲೇ ಇತ್ತು. ನನ್ನ ಮುಂದಿದ್ದ ಕಾರ್ಡಿನಲ್ಲಿ ಏಳರ ಪಕ್ಕ ಸರಿ ಎಂದು ಗುರುತು ಹಾಕಿದೆ.