ಗಂಜಿ ಹಾಕಿದ ದೀಪಗಳು

ಹಳೇ ದೀಪಕ್ಕೆ ಹೊಸ ಬಟ್ಟೆ ಉಡಿಸುವುದು ಎಂತ ದೊಡ್ಡ ವಿದ್ಯೆ? ನಾನು ಮಕ್ಕಳಿಗೆಲ್ಲ ಚಡ್ಡಿ ಹೊಲಿದು ಹಾಕಿದವಳು. ಮಕ್ಕಳಾದರೆ ಓಡುತ್ತಾರೆ, ಒದೆಯುತ್ತಾರೆ. ದೀಪ ನಿಲ್ಲಿಸಿದಲ್ಲೇ ನಿಲ್ಲುತ್ತದೆ. ನಾನು ಯೋಚನೆ ಮಾಡಿದ್ದು ಇಷ್ಟೇ. ಇದಕ್ಕಿಂತ ಹೆಚ್ಚು ಯೋಚನೆ ಮಾಡುವ ಅಭ್ಯಾಸ ಐದನೇ ಕ್ಲಾಸಿನಲ್ಲಿ ಶಾಲೆಯ ಜೊತೆಗೇ ಬಿಟ್ಟುಹೋಗಿದೆ.

ವಿಷಯ ಹೀಗೆ. ನನ್ನ ಸೊಸೆ ಪ್ರಮೀಳಾ ಮಣಿಪಾಲದಲ್ಲಿ ಬೇರೆಯವರ ಬ್ಯೂಟಿ ಪಾರ್ಲರಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡವಳು. ಕಡೆಗೆ ಧೈರ್ಯ ಮಾಡಿ ಬನ್ನಂಜೆಯಲ್ಲಿ ತನ್ನದೇ ಪಾರ್ಲರಿಗೆ ಒಂದು ಕೋಣೆ ಹಿಡಿದಳು. ಕನ್ನಡಿ ಬಂತು. ತಿರುಗುವ ಕುರ್ಚಿ ಬಂತು. ಅಷ್ಟರಲ್ಲಿ ಕಾರ್ಕಳದಿಂದ ವಸಂತಿಯಕ್ಕ ಎಂಬವರ ಫೋನ್ ಬಂತು. ಅವರ ತಂಗಿಯ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಮದುಮಗಳಿಗೆ ಮಾತ್ರವಲ್ಲ, ಮನೆಯ ಹೆಂಗಸರಿಗೆಲ್ಲ ಸಿಂಗಾರವಾಗಬೇಕು. ಪಾರ್ಲರ್ ಶುರುವಾಗುವ ದಿನ ಬಂದು ತಾನೇ ತಲೆ ಕಟ್ಟಿಸಿಕೊಂಡು ನೋಡುತ್ತೇನೆ, ಮನಸ್ಸಿಗೆ ಬಂದರೆ ಮದುವೆ ನಿಮಗೇ ಎಂದರಂತೆ.

"ಇದೊಂದು ಸಿಕ್ಕಿದ್ರೆ ನಾನು ಬದುಕಿದೆ ಅತ್ತೆ," ಎಂದಳು ಪ್ರಮೀಳಾ. "ದೊಡ್ಡ ಕುಟುಂಬ ಅವರದ್ದು. ಸಿಗ್ಲಿಲ್ಲಾಂದ್ರೆ ವಾಪಸು ಮಣಿಪಾಲಕ್ಕೆ ಹೋಗಿ ನಿಲ್ಲುದೇ."

ಉಳಿದದ್ದು ದೀಪ. ಅವಳು ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಚಿನ್ನದ ಬಣ್ಣದ ಕಂಬ, ಅದರ ಮೇಲೆ ಬಟ್ಟೆಯ ಟೊಪ್ಪಿ. ಕ್ರಯ ಕೇಳಿ, ಕುಳಿತಿದ್ದ ನಾನು ಎದ್ದು ನಿಂತೆ.

"ಒಂದು ಕಂಬ, ಒಂದು ಟೊಪ್ಪಿ. ಇದಕ್ಕೆ ಅಷ್ಟು ದುಡ್ಡಾ? ಹುಚ್ಚಾ, ಮರ್ಲಾ ನಿನಗೆ? ದೀಪದ ಜವಾಬ್ದಾರಿ ನಂದು!"

ಪ್ರಮೀಳಾ ಬೇಡ ಎನ್ನಲಿಲ್ಲ. ಇಡೀ ಕಥೆಯಲ್ಲಿ ಅವಳು ಮಾಡಿದ ತಪ್ಪು ಅದೊಂದೇ. ಮಿಕ್ಕಿದ್ದೆಲ್ಲ ನನ್ನದು.

ಮರುದಿನವೇ ನಮ್ಮವರನ್ನು ಹೊರಡಿಸಿಕೊಂಡು ಕಾರ್ಕಳದ ಒಂದು ಗುಜರಿ ಅಂಗಡಿಗೆ ಹೋದೆ. ಯಾವುದೋ ಹಳೇ ಲಾಡ್ಜ್ ಒಡೆದ ಸಾಮಾನು ಅಲ್ಲಿ ಬಂದು ಬಿದ್ದಿತ್ತು. ಅದರ ನಡುವೆ ಆಳೆತ್ತರದ ಒಂದು ದೀಪ, ಮೇಜಿನ ಮೇಲೆ ಇಡುವ ಎರಡು ದೀಪ. ಟೊಪ್ಪಿಗಳು ಹರಿದು ಜೋತುಬಿದ್ದಿದ್ದವು. ಒಂದರೊಳಗೆ ಕಣಜದ ಹುಳ ಮಣ್ಣಿನ ಮನೆ ಕಟ್ಟಿ, ಸಂಸಾರ ಮುಗಿಸಿ ಹೋಗಿತ್ತು. ಆದರೆ ಕಂಬವನ್ನು ಸೆರಗಿನಿಂದ ಒರೆಸಿ ನೋಡಿದೆ. ಹಿತ್ತಾಳೆ! ಗುಜರಿಯವನು ಅದನ್ನು ಕಬ್ಬಿಣದ ಲೆಕ್ಕದಲ್ಲಿ ತೂಗಿ ಕೊಟ್ಟ. ಪಾಪ, ಇವನಿಗೆ ಗೊತ್ತಿಲ್ಲ ಎನಿಸಿತು. ಬಾಯಿ ಬಿಟ್ಟು ಹೇಳುವಷ್ಟು ಪಾಪ ಎನಿಸಲಿಲ್ಲ.

ಬಸ್ಸಿನಲ್ಲಿ ಉದ್ದದ ದೀಪವನ್ನು ಕಿಟಕಿಯ ಪಕ್ಕ ನಿಲ್ಲಿಸಿ, ಧೂಳು ಉದುರದ ಹಾಗೆ ಟೊಪ್ಪಿಗೆ ನಮ್ಮವರ ಹೆಗಲ ಮೇಲಿನ ಬೈರಾಸು ಸುತ್ತಿದೆ. ಪಕ್ಕದಲ್ಲಿ ನಮ್ಮವರು ಕುಳಿತರು. ಕಂಡಕ್ಟರ್ ಬಂದ.

"ಅಜ್ಜನಿಗೆ ಟಿಕೆಟ್?"

"ನಂದು ಆಯ್ತಲ್ಲ ಮಾರಾಯ!" ಎಂದರು ನಮ್ಮವರು.

"ನಿಮ್ಮದಲ್ಲ. ಕಿಟಕಿ ಹತ್ರ ಕೂತ ಅಜ್ಜನದ್ದು."

ನಮ್ಮ ಊರು ಕೆಮ್ಮಣ್ಣು ತಲುಪುವವರೆಗೆ ನಮ್ಮವರು ಮಾತಾಡಲಿಲ್ಲ. ಕಿಟಕಿಯ ಅಜ್ಜನೂ ಮಾತಾಡಲಿಲ್ಲ.

ಹಿತ್ತಾಳೆ ಎಂದ ಮೇಲೆ ಹುಣಸೆಹುಳಿ, ಬೂದಿ ಹಾಕಿ ತಿಕ್ಕಬೇಕಲ್ಲವೇ? ಬಾವಿಕಟ್ಟೆಯಲ್ಲಿ ಕುಳಿತು, ದೇವರ ದೀಪ ತಿಕ್ಕುವ ಭಕ್ತಿಯಲ್ಲೇ ತಿಕ್ಕಿದೆ. ಫಳಫಳ ಹೊಳೆಯಬೇಕಾದ ಕಂಬ ತಿಕ್ಕಿದಷ್ಟೂ ಕಪ್ಪಾಗುತ್ತಾ ಬಂತು. ಚಿನ್ನದ ಬಣ್ಣವೆಲ್ಲ ಕೈಗೆ ಬಂತು. ಒಳಗೆ ಇದ್ದದ್ದು ತುಕ್ಕು ಹಿಡಿದ ಕಬ್ಬಿಣ. ಗುಜರಿಯವನು ಸರಿಯಾಗಿಯೇ ತೂಗಿದ್ದ!

ಬೇಲಿಯ ಆಚೆ ನಮ್ಮ ನೆರೆಯ ಸಿಸಿಲಿಬಾಯಿ ಬಟ್ಟೆ ಒಣಗಿಸುತ್ತಿದ್ದಳು. ಅವಳ ಕಣ್ಣಿಗೆ ಬೀಳದ ವಿಷಯ ಕೆಮ್ಮಣ್ಣಿನಲ್ಲಿ ನಡೆಯುವುದಿಲ್ಲ.

"ಗುಲಾಬಿಯಕ್ಕಾ, ಎಂತ ಅದು? ಬೋರಿನ ಪೈಪಾ?"

"ಸೊಸೆಯ ಪಾರ್ಲರಿಗೆ ದೀಪ."

"ದೀಪವಾ! ಸೊಸೆ ಹತ್ರ ಎಂತ ಕೋಪ ನಿಮಗೆ?"

ಇಂಥ ಮಾತಿಗೆ ಹೆದರಿ ಕೆಲಸ ಬಿಡುವವಳು ನಾನಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ಬಣ್ಣ ಹೋದರೆ ಬಣ್ಣ ಹಚ್ಚಿದರಾಯಿತು ಎಂದು ಹೂಡೆಯಲ್ಲಿರುವ ನನ್ನ ತಮ್ಮನಿಗೆ ಫೋನ್ ಮಾಡಿದೆ. ಅವನಿಗೆ ದೋಣಿ ಉಂಟು. ದೋಣಿಗೆ ಬಳಿದು ಉಳಿದ ನೀಲಿ ಪೇಂಟಿನ ಡಬ್ಬ ಕಳಿಸಿಕೊಟ್ಟ. "ಉಪ್ಪುನೀರಿಗೂ ಹೋಗುದಿಲ್ಲ ಅಕ್ಕಾ ಇದು," ಎಂದ. ಹೌದು, ಹೋಗಲಿಲ್ಲ. ಒಣಗಲೂ ಇಲ್ಲ! ಹೊರಗೆ ಮೋಡ, ಒಳಗೆ ತೇವ. ದೀಪವನ್ನು ಜಗಲಿಗೆ ಎತ್ತಿಡಿ ಎಂದು ನಮ್ಮವರಿಗೆ ಹೇಳಿದೆ. ಎತ್ತಿಟ್ಟರು. ಅಂಗೈ ನೀಲಿಯಾಯಿತು. ಸೀಮೆಎಣ್ಣೆ, ತೆಂಗಿನೆಣ್ಣೆ, ಸೋಪು ಯಾವುದಕ್ಕೂ ಜಗ್ಗಲಿಲ್ಲ. ಹಾಲಿನ ಸೊಸೈಟಿಯ ಸಭೆಯಲ್ಲಿ ಅವರು ಪ್ರಶ್ನೆ ಕೇಳಲು ಕೈ ಎತ್ತಿದಾಗ ಅಧ್ಯಕ್ಷರು, "ಆ ನೀಲಿ ಕೈಯವರು ಮಾತಾಡಲಿ," ಎಂದರಂತೆ. ನಮ್ಮವರು ಪ್ರಶ್ನೆಯನ್ನೇ ಮರೆತು ಕುಳಿತರಂತೆ.

ಇನ್ನು ಟೊಪ್ಪಿಯ ವಿಷಯ. ನನ್ನ ಘನವಾದ ಪ್ರತಿಭೆ ಬೆಳಕಿಗೆ ಬಂದದ್ದೇ ಇಲ್ಲಿ.

ಹರಿದ ಬಟ್ಟೆ ಕಿತ್ತರೆ ಒಳಗೆ ತಂತಿಯ ಗೂಡು. ಅದಕ್ಕೆ ನನ್ನ ಒಂದು ಹಳದಿ ಹತ್ತಿ ಸೀರೆ ಕತ್ತರಿಸಿ ಸುತ್ತಿದೆ. ನೆನಪಿನ ಸೀರೆ ಗಿರಿಸೀರೆ ಎಂತ ಅಲ್ಲ, ಡಿಸ್ಕೌಂಟಿನಲ್ಲಿ ತೆಗೆದದ್ದು, ಉಟ್ಟರೆ ನನಗೇ ಹಿಡಿಸುತ್ತಿರಲಿಲ್ಲ. ಸೂಜಿ ಹಾಕಿ ಹೊಲಿದೆ. ಬಟ್ಟೆ ನಿಲ್ಲಲಿಲ್ಲ, ಒದ್ದೆ ಕೋಳಿಯ ಹಾಗೆ ಜೋತಿತು. ಅಂಗಡಿಯಲ್ಲಿ ಇದಕ್ಕೆಂದೇ ಗಟ್ಟಿ ಹಾಳೆ ಸಿಗುತ್ತದೆ ಅತ್ತೆ, ತರಲಾ ಎಂದು ಪ್ರಮೀಳಾ ಕೇಳಿದಳು. ನನಗೆ ನಗು ಬಂತು. ಮನೆಯಲ್ಲಿ ದಿನಾ ಕುಚ್ಚಲಕ್ಕಿ ಬೇಯುತ್ತದೆ. ನನ್ನ ಸೀರೆಗಳನ್ನು ಇಷ್ಟು ವರ್ಷ ನೆಟ್ಟಗೆ ನಿಲ್ಲಿಸಿದ್ದು ಗಂಜಿ. ಮನುಷ್ಯರನ್ನೇ ನಿಲ್ಲಿಸಿದ್ದು ಗಂಜಿ. ದೀಪವನ್ನು ನಿಲ್ಲಿಸುವುದಿಲ್ಲವೇ?

ಗಂಜಿತಿಳಿ ಹಚ್ಚಿದೆ. ಸ್ವಲ್ಪ ನಿಂತಿತು. ಇನ್ನೂ ನಿಲ್ಲಲಿ ಎಂದು ತಿಳಿಗೆ ಮೈದಾ ಕಲಸಿ ಕುದಿಸಿ ಮತ್ತೆ ಹಚ್ಚಿದೆ. ಎಷ್ಟು ಸಲ ಎಂದು ಕೇಳಬೇಡಿ. ಬಿಸಿಲಿಲ್ಲದ್ದರಿಂದ ಬಚ್ಚಲಿನ ಹಂಡೆಯ ಒಲೆಯ ಮೇಲೆ ಹಗ್ಗ ಕಟ್ಟಿ ತೂಗುಹಾಕಿದೆ. ಒಣಗಿದ ಮೇಲೆ ಬೆರಳಿನಿಂದ ತಟ್ಟಿದರೆ ಡೋಲಿನ ಶಬ್ದ! ನಮ್ಮವರನ್ನು ಕರೆದು ತಟ್ಟಿಸಿದೆ.

"ಹೇಗುಂಟು?"

"ಗಟ್ಟಿ ಉಂಟು," ಎಂದರು. ಇನ್ನೊಮ್ಮೆ ತಟ್ಟಿ, "ಹಪ್ಪಳದ ಹಾಗೆ," ಎಂದರು.

ಹೊಗಳಿಕೆ ಎಂದುಕೊಂಡೆ.

ಪಾರ್ಲರ್ ಶುರುವಾಗುವ ದಿನ ಬೆಳಿಗ್ಗೆ ಗಣಹೋಮ ಆಯಿತು. ಅಂತೂ ಬಣ್ಣ ಒಣಗಿದ ದೀಪಗಳನ್ನು ಕನ್ನಡಿಯ ಸುತ್ತ ಇಟ್ಟೆ. ಉದ್ದದ್ದನ್ನು ತಿರುಗುವ ಕುರ್ಚಿಗೆ ತಾಗಿಸಿಯೇ ನಿಲ್ಲಿಸಿದೆ. ಕರೆಂಟಿನವನು ಅವಕ್ಕೆ ಸಣ್ಣ ಎಲ್ಇಡಿ ಬಲ್ಬ್ ಹಾಕಿದ್ದ. ಬೆಳಕೋ ಬಡತನವೋ ಎಂದು ತಿಳಿಯದು. ಅವನು ಹೋದ ಮೇಲೆ ನಾನು ಚೀಲದಲ್ಲಿ ತಂದಿದ್ದ ಹಳೇ ನೂರು ವಾಟಿನ ಬಲ್ಬುಗಳನ್ನು ಹಾಕಿ ಸ್ವಿಚ್ಚು ಒತ್ತಿದೆ. ಆಹಾ! ಕೋಣೆಯೆಲ್ಲ ಹೊಂಬಣ್ಣ! ಪ್ರಮೀಳಾ ಕೂಡ, "ಚಂದ ಕಾಣ್ತದೆ ಅತ್ತೆ," ಎಂದಳು. ನಾನು ಸಿಸಿಲಿಬಾಯಿಯ ದಾರಿ ಕಾಯುತ್ತಾ ಬಾಗಿಲಲ್ಲೇ ನಿಂತೆ.

ಸಿಸಿಲಿಬಾಯಿ ಬಂದಳು. ಒಳಗೆ ಕಾಲಿಟ್ಟವಳು ಪ್ರಮೀಳಾಳ ಗಲ್ಲ ಹಿಡಿದು ನೋಡಿದಳು.

"ದೇವಾ! ನಿಂಗೆ ಕಾಮಾಲೆ ಉಂಟಾ?"

"ಇಲ್ಲ ಬಾಯಿ."

"ಇಲ್ಲಾಂತ ಹೇಳ್ಬೇಡ. ಕಣ್ಣು, ಉಗುರು ಎಲ್ಲ ಅರಶಿನ ಉಂಟಲ್ಲ?" ಎಂದವಳು ಕನ್ನಡಿ ನೋಡಿ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು. "ನಂಗೂ ಬಂತಲ್ಲ!"

ಎಲ್ಲರಿಗೂ ಬಂದಿತ್ತು. ಹಳದಿ ಸೀರೆಯೊಳಗಿಂದ ಬಂದ ಬೆಳಕಿಗೆ ಪಾರ್ಲರಿನಲ್ಲಿದ್ದವರೆಲ್ಲ ಆಸ್ಪತ್ರೆಯಿಂದ ಎದ್ದು ಬಂದವರ ಹಾಗೆ ಕಾಣುತ್ತಿದ್ದರು. ಒಬ್ಬ ಹೆಂಗಸು ಗಂಭೀರವಾಗಿ, "ಕಾಪುವಿನಲ್ಲಿ ಒಬ್ರು ಸೊಪ್ಪಿನ ಮದ್ದು ಕೊಡ್ತಾರೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗ್ಬೇಕು," ಎಂದು ದಾರಿ ಹೇಳಲು ಶುರುಮಾಡಿದಳು. ಸೌಂದರ್ಯ ಹೆಚ್ಚಿಸುವ ಜಾಗದಲ್ಲಿ ಪಥ್ಯದ ಮಾತು!

ಸರಿಯಾಗಿ ಆ ಹೊತ್ತಿಗೆ ವಸಂತಿಯಕ್ಕ ಬಂದರು. ಎತ್ತರದ ಹೆಂಗಸು, ನೆಲ ಮುಟ್ಟುವುದೊಂದು ಬಾಕಿ ಎನ್ನುವಂಥ ಉದ್ದ ಕೂದಲು. ಪ್ರಮೀಳಾ ಅವರನ್ನು ಕುರ್ಚಿಯಲ್ಲಿ ಕೂರಿಸಿ ತಲೆ ಬಾಚಲು ನಿಂತಳು. ಒರೆಸಿದ ಬಾಚಣಿಗೆಯನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ನಾನಿದ್ದೇನಲ್ಲ ಎಂದುಕೊಂಡೆ.

ನೂರರ ಬಲ್ಬಿಗೆ ಟೊಪ್ಪಿ ಕಾಯತೊಡಗಿತು. ಮೊದಲು ಬಂದದ್ದು ವಾಸನೆ. ಗಂಜಿಯ ವಾಸನೆ, ಅದರ ಹಿಂದೆ ಹಂಡೆ ಒಲೆಯ ಹೊಗೆಯ ವಾಸನೆ. ಗೋಡೆ ಬದಿ ಕುಳಿತಿದ್ದ ಹೆಂಗಸರು ಮೂಗು ಅರಳಿಸಿದರು.

"ಊಟವೂ ಉಂಟಾ ಇವತ್ತು?" ಎಂದು ಒಬ್ಬಳು ಕೇಳಿದಳು.

"ಗಂಜಿಯೂಟ ಇರ್ಬೇಕು. ಚಟ್ನಿ ಮಾಡಿದ್ರೆ ಸಾಕು," ಎಂದಳು ಸಿಸಿಲಿಬಾಯಿ.

ವಾಸನೆ ಹೋಗಲಿ ಎಂದು ನಾನು ಫ್ಯಾನನ್ನು ಪೂರ್ತಿ ಜೋರು ಮಾಡಿದೆ. ಸಹಾಯ ಮಾಡುವ ಬುದ್ಧಿ ನನ್ನದು. ಟೊಪ್ಪಿ ಪಟ್ ಎಂದಿತು. ಮತ್ತೆ ಪಟಪಟ ಎಂದಿತು. ನಮ್ಮವರು ಹಪ್ಪಳ ಎಂದದ್ದು ಹೊಗಳಿಕೆಯಲ್ಲ ಎಂದು ಆಗ ಹೊಳೆಯಿತು. ಕಾದ ಗಂಜಿ ಬಿರುಕು ಬಿಟ್ಟು, ಚಕ್ಕೆ ಎದ್ದು, ಬಿಳಿ ಬಿಳಿ ಹುಡಿಯಾಗಿ ಫ್ಯಾನಿನ ಗಾಳಿಗೆ ಹಾರಿ ನಿಧಾನಕ್ಕೆ ವಸಂತಿಯಕ್ಕನ ಕಪ್ಪು ಕೂದಲಿನ ಮೇಲೆ ಇಳಿಯಿತು.

ವಸಂತಿಯಕ್ಕ ಕನ್ನಡಿ ನೋಡಿದರು.

"ಎಂತ ಇದು? ಹೊಟ್ಟಾ? ನನ್ನ ಹುಟ್ಟಿನಲ್ಲಿ ನನ್ನ ತಲೆಯಲ್ಲಿ ಹೊಟ್ಟಿರಲಿಲ್ಲ!"

ಬಂದವರ ತಲೆಹೊಟ್ಟು ತೆಗೆಯುವ ಪಾರ್ಲರ್ ಊರಿಗೆ ಹತ್ತುಂಟು. ಇಲ್ಲದವರಿಗೆ ಕೊಟ್ಟು ಕಳಿಸುವ ಪಾರ್ಲರ್ ನಮ್ಮದೊಂದೇ!

ಪ್ರಮೀಳಾ ಮೇಲೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳು ಬಾಚಣಿಗೆಯಿಂದ ಹುಡಿಯನ್ನು ಹಾಗೇ ಕೊಡವಲು ಕೈ ಎತ್ತಿದ್ದಳು. ಕೊಡವಿದ್ದರೆ ಮುಗಿಯುತ್ತಿತ್ತು. ನನಗೆ ಪುರುಸೊತ್ತಿಲ್ಲ. ಓಡಿಹೋಗಿ ಬೈರಾಸು ಒದ್ದೆ ಮಾಡಿ ತಂದು, "ಒಂದು ನಿಮಿಷ, ಈಗ ಹೋಗ್ತದೆ," ಎಂದು ವಸಂತಿಯಕ್ಕನ ತಲೆಯನ್ನು ಗಸಗಸ ಉಜ್ಜಿದೆ.

ಒಣ ಗಂಜಿಗೆ, ಅದರಲ್ಲೂ ಮೈದಾ ಗಂಜಿಗೆ, ನೀರು ತಾಗಿದರೆ ಏನಾಗುತ್ತದೆ ಎಂದು ಇಡೀ ಜಿಲ್ಲೆಯಲ್ಲಿ ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು. ಅಂಟು! ಗೋಡೆಗೆ ಪೋಸ್ಟರ್ ಹಚ್ಚುವ ಅಂಟು! ಮೇಲಿನಿಂದ ಫ್ಯಾನಿನ ಗಾಳಿ ಬೇರೆ. ವಸಂತಿಯಕ್ಕನ ಉದ್ದ ಕೂದಲು ನಾನು ಉಜ್ಜಿದ ದಿಕ್ಕಿಗೇ, ಬಲಗಡೆಗೆ, ಬೀಸಣಿಗೆಯ ಹಾಗೆ ಬಿಡಿಸಿಕೊಂಡು ನಿಂತಿತು. ಮುಟ್ಟಿದೆ. ಗಟ್ಟಿ ಉಂಟು!

ಸಿಸಿಲಿಬಾಯಿ ಗಣಹೋಮದ ಲಾಡು ತಿನ್ನುವುದನ್ನು ನಿಲ್ಲಿಸಿದಳು.

"ಅತ್ತೆ," ಎಂದಳು ಪ್ರಮೀಳಾ. ದನಿ ಏರಿಸಲಿಲ್ಲ. "ನೀವು ಹೊರಗೆ ಹೋಗಿ ಕೂತ್ಕೊಳ್ಳಿ. ಹೋಗುವಾಗ ಆ ಮೂರೂ ದೀಪ ತಕ್ಕೊಂಡು ಹೋಗಿ."

ಮೆಟ್ಟಿಲ ಮೇಲೆ ಕುಳಿತೆ. ಒಂದು ಬದಿಗೆ ಉದ್ದದ ದೀಪ, ಇನ್ನೊಂದು ಬದಿಗೆ ಎರಡು ಗಿಡ್ಡ ದೀಪ. ನಮ್ಮವರು ಬಂದು ನೋಡಿ, ಚಾ ತಂದುಕೊಟ್ಟರು. ಒಳಗೆ ನೀರು ಸುರಿಯುವ ಶಬ್ದ ಬಹಳ ಹೊತ್ತು ಕೇಳಿಸಿತು. ಇನ್ನು ನನ್ನ ಸೊಸೆ ಮತ್ತೆ ಮಣಿಪಾಲಕ್ಕೆ ಹೋಗಿ ಬೇರೆಯವರ ಕುರ್ಚಿಯ ಹಿಂದೆ ನಿಲ್ಲಬೇಕು, ಅದೂ ನನ್ನಿಂದ ಎಂದು ಕುಳಿತಲ್ಲೇ ನಿಶ್ಚಯ ಮಾಡಿಕೊಂಡೆ. ಚಾ ಗಂಟಲಿನಲ್ಲಿ ಇಳಿಯಲಿಲ್ಲ. ಇಳಿಯಲಿಲ್ಲ ಎಂದರೆ, ಅರ್ಧ ಇಳಿಯಿತು.

ಬಾಗಿಲು ತೆರೆದು ವಸಂತಿಯಕ್ಕ ಹೊರಗೆ ಬಂದರು. ನಾನು ಬೈಸಿಕೊಳ್ಳಲು ಎದ್ದು ನಿಂತೆ. ನೋಡಿದರೆ ಕೂದಲು ನವಿರಾಗಿ ಹೊಳೆಯುತ್ತಿದೆ! ದೊಡ್ಡ ತುರುಬು, ಸುತ್ತಲೂ ಮಲ್ಲಿಗೆ. ಮುಖವೂ ಬಿಳಿ ಬೆಳಕಿನಲ್ಲಿ ಮನುಷ್ಯರ ಬಣ್ಣಕ್ಕೆ ಬಂದಿತ್ತು.

"ನಿಮ್ಮ ಸೊಸೆ ಸಾಮಾನ್ಯದವಳಲ್ಲ," ಎಂದರು. "ಆ ಅಂಟನ್ನು ಒಂದು ಕೂದಲೂ ಕೀಳದೆ ಬಿಡಿಸಿದ್ಳು. ಒಂದು ಸಲ ಮುಖ ಗಂಟು ಹಾಕ್ಲಿಲ್ಲ. ಮದುವೆಮನೆಯಲ್ಲಿ ಎಂತದೇ ಆದ್ರೂ ಇವಳು ಸುಧಾರಿಸ್ತಾಳೆ. ಆರ್ಡರ್ ಇವಳಿಗೇ."

ನನಗೆ ಒಮ್ಮೆಲೇ ಜೀವ ಬಂತು. ಹಾಗಾದರೆ ಪ್ರಮೀಳಾಳ ಸಾಮರ್ಥ್ಯವನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ನಾನೇ ಅಲ್ಲವೇ! ಬಾಯಿ ತೆರೆಯುವುದರೊಳಗೆ ಅವರು ಬೆರಳು ಎತ್ತಿದರು.

"ಒಂದೇ ಶರತ್ತು. ಮದುವೆ ದಿನ ನೀವು ಮನೆಯಲ್ಲಿರ್ಬೇಕು. ಪಾರ್ಲರಿಗೂ ಬರ್ಬಾರ್ದು, ಮದುವೆ ಹಾಲಿಗೂ ಬರ್ಬಾರ್ದು. ಊಟ ಬೇಕಾದ್ರೆ ಕಟ್ಟಿ ಕಳಿಸ್ತೇನೆ."

ಮದುವೆಯ ದಿನ ನಾನು ಶರತ್ತಿನ ಪ್ರಕಾರ ಮನೆಯೊಳಗೇ ಕುಳಿತಿದ್ದೆ. ಬೆಳಿಗ್ಗೆಯೇ ಪ್ರಮೀಳಾಳ ಫೋನ್ ಬಂತು.

"ಅತ್ತೆ, ಎಲ್ಲಿದ್ದೀರಿ?"

"ಮನೆಯಲ್ಲಿ."

"ಮನೆಯಲ್ಲೇ ಅಲ್ವಾ?"

"ಹೌದು ಮಾರಾಯ್ತಿ!"

"ಫೋನನ್ನು ಮಾವನಿಗೆ ಕೊಡಿ," ಎಂದಳು.

ಕೊಟ್ಟೆ. ನಮ್ಮವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇದ್ದಾಳೆ," ಎಂದರು. "ನೀನು ಹೆದರ್ಬೇಡ, ಬಾಗಿಲು ಹಾಕಿದ್ದೇನೆ."